ಹೃದಯ ಕವಾಟದಿಂದ ಉಪಗ್ರಹ ಜಾಲದವರೆಗೆ: ವೈದ್ಯ, ಯಂತ್ರ ಮತ್ತು ಸಂಪರ್ಕ ವಿಜ್ಞಾನಗಳ ಕೂಡುದಾರಿ

ಮನುಷ್ಯನ ಹೃದಯವು ನಿಮಿಷಕ್ಕೆ ಸರಾಸರಿ 72 ಬಾರಿ ಮಿಡಿಯುತ್ತದೆ ಎಂದಿಟ್ಟುಕೊಂಡರೆ, ಅದರೊಳಗಿನ ಕವಾಟಗಳು ದಿನಕ್ಕೆ 1,03,680 ಬಾರಿ, ವರ್ಷಕ್ಕೆ ಸುಮಾರು 3.78 ಕೋಟಿ ಬಾರಿ ತೆರೆದು ಮುಚ್ಚಿಕೊಳ್ಳುತ್ತವೆ. ವೈದ್ಯನ ದೃಷ್ಟಿಯಲ್ಲಿ ಇದು ಜೀವದ ಲಕ್ಷಣ. ಯಂತ್ರಶಾಸ್ತ್ರಜ್ಞನ ದೃಷ್ಟಿಯಲ್ಲಿ ಲೋಹವನ್ನೂ ದಣಿಸಿ ಮುರಿಯಬಲ್ಲ ಹೊರೆ. ಕೆಟ್ಟುಹೋದ ಕವಾಟವನ್ನು ತೆಗೆದು ಆ ಜಾಗದಲ್ಲಿ ಮನುಷ್ಯನಿರ್ಮಿತ ಕವಾಟವೊಂದನ್ನು ಕೂರಿಸಬೇಕಾದರೆ ಈ ಎರಡು ದೃಷ್ಟಿಗಳೂ ಒಂದಾಗಬೇಕಾಗುತ್ತದೆ. ಕೂರಿಸಿದ ಮೇಲೆ, ಆಸ್ಪತ್ರೆಯಿಂದ ನೂರಾರು ಕಿಲೋಮೀಟರ್ ದೂರದ ಊರಿಗೆ ಮರಳಿದ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಳ್ಳಲು ಮೂರನೆಯ ಶಾಸ್ತ್ರವೊಂದು, ಅಂದರೆ ಸಂಪರ್ಕ ಮತ್ತು ಗಣಕ ಜಾಲಗಳ ಶಾಸ್ತ್ರ, ನೆರವಿಗೆ ಬರಬೇಕು. ಭಾರತದಲ್ಲಿ 1970ರ ದಶಕದಿಂದೀಚೆಗೆ ಈ ಮೂರು ಶಾಸ್ತ್ರಗಳು ಹೃದ್ರೋಗದ ಸುತ್ತ ಹೇಗೆ ಕೂಡಿದವು, ಎಲ್ಲಿ ಕೂಡದೆ ಉಳಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕವಾಟ ಕೆಡುವುದಕ್ಕೆ ನಮ್ಮ ದೇಶದಲ್ಲಿ ಬಹುಕಾಲ ಮುಖ್ಯ ಕಾರಣವಾಗಿದ್ದುದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಬರುವ ಗಂಟಲು ಬೇನೆಗೆ ಸಕಾಲದಲ್ಲಿ ಪೆನಿಸಿಲಿನ್ ದೊರೆಯದಿದ್ದಾಗ, ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿಯೇ ಹಾದಿ ತಪ್ಪಿ ಕೀಲುಗಳನ್ನೂ ಹೃದಯವನ್ನೂ ಘಾಸಿಗೊಳಿಸುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲುನೋವು ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಹೃದಯದ ಎಡಭಾಗದ ದ್ವಿದಳ ಕವಾಟಕ್ಕೆ ಆದ ಗಾಯ ಮಾತ್ರ ವರ್ಷಗಳ ಮೇಲೆ, ಏದುಸಿರು ಮತ್ತು ಕಾಲುಬಾವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಹಲವರು ಮಲಗುವ ಮನೆಗಳ ರೋಗವಿದು. ವಸತಿ ಸುಧಾರಿಸಿದ ಪಾಶ್ಚಾತ್ಯ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದು ಬಹುಮಟ್ಟಿಗೆ ಇಳಿಮುಖವಾಗಿತ್ತು. ಆದ್ದರಿಂದ ಅಲ್ಲಿ ಕವಾಟ ಬದಲಾವಣೆಯು ಕ್ರಮೇಣ ವಯಸ್ಸಾದವರ ಚಿಕಿತ್ಸೆಯಾಯಿತು. ಇಲ್ಲಿ ಅದು ಹುಡುಗ ಹುಡುಗಿಯರ, ಎಳೆಯ ತಾಯಂದಿರ ಚಿಕಿತ್ಸೆಯಾಗಿ ಉಳಿಯಿತು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟಗಳು ಎಳೆಯರ ದೇಹದಲ್ಲಿ ಸುಣ್ಣಗಟ್ಟಿ ಬೇಗ ಹಾಳಾಗುತ್ತವೆ. ಅವರಿಗೆ ಬೇಕಾದುದು ದಶಕಗಳ ಕಾಲ ದುಡಿಯಬಲ್ಲ ಯಾಂತ್ರಿಕ ಕವಾಟ. ಅದು ವಿದೇಶದಿಂದ, ವಿದೇಶಿ ವಿನಿಮಯ ತೆತ್ತು ಬರಬೇಕಾಗಿತ್ತು.

ಪೂರ್ವ ಪ್ರಯತ್ನಗಳು

ತೆರೆದ ಹೃದಯದ ಶಸ್ತ್ರಕ್ರಿಯೆಯ ಇತಿಹಾಸವು ಮೊದಲಿನಿಂದಲೂ ವೈದ್ಯ ಮತ್ತು ಯಂತ್ರಜ್ಞರ ಜಂಟಿ ಇತಿಹಾಸವೇ ಆಗಿದೆ. 1931ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ, ಶ್ವಾಸಕೋಶದ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದ ರೋಗಿಯೊಬ್ಬರ ಪಕ್ಕದಲ್ಲಿ ರಾತ್ರಿಯಿಡೀ ಕುಳಿತಿದ್ದ ಯುವ ಶಸ್ತ್ರವೈದ್ಯ ಜಾನ್ ಗಿಬ್ಬನ್ ಅವರಿಗೆ, ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಸ್ವಲ್ಪ ಹೊತ್ತು ಹೊರಗಿನ ಯಂತ್ರವೊಂದು ವಹಿಸಿಕೊಳ್ಳುವಂತಿದ್ದರೆ ಎಂಬ ಆಲೋಚನೆ ಹೊಳೆಯಿತು. ಆ ರೋಗಿ ಉಳಿಯಲಿಲ್ಲ. ಪತ್ನಿ ಮೇರಿಯವರ ಜೊತೆ ಗಿಬ್ಬನ್ ಎರಡು ದಶಕಗಳ ಕಾಲ ಆ ಯಂತ್ರಕ್ಕಾಗಿ ದುಡಿದರು. ಎರಡನೆಯ ಮಹಾಯುದ್ಧದ ನಂತರ ಐಬಿಎಂ ಸಂಸ್ಥೆಯ ಎಂಜಿನಿಯರುಗಳು ಅವರ ಜೊತೆಗೂಡಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಹದಿನೆಂಟರ ಯುವತಿಯೊಬ್ಬಳ ಹೃದಯವನ್ನು 26 ನಿಮಿಷಗಳ ಕಾಲ ಪೂರ್ತಿಯಾಗಿ ಯಂತ್ರದ ಆಸರೆಯಲ್ಲಿ ಬಿಟ್ಟು, ಗೋಡೆಯ ರಂಧ್ರವನ್ನು ಮುಚ್ಚಲಾಯಿತು. ಗಣಕಯಂತ್ರಗಳಿಗೆ ಹೆಸರಾದ ಸಂಸ್ಥೆಯೊಂದು ಹೃದಯ ಚಿಕಿತ್ಸೆಯ ಮೊದಲ ಪುಟದಲ್ಲೇ ಹೀಗೆ ಕಾಣಿಸಿಕೊಳ್ಳುವುದು ಹಲವರಿಗೆ ತಿಳಿಯದ ಸಂಗತಿ.

1958ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಿವೃತ್ತ ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಅವರು ಯುವ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಅವರ ಬಳಿಗೆ ಬಂದದ್ದು ಇಡೀ ಕೃತಕ ಹೃದಯವನ್ನೇ ನಿರ್ಮಿಸುವ ಹಂಬಲದಿಂದ. ವಿಮಾನಗಳ ಇಂಧನ ಪಂಪುಗಳನ್ನು ರೂಪಿಸಿದ್ದ ಅವರಿಗೆ ಹೃದಯವೂ ಒಂದು ಪಂಪಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ಒಂದು ಕವಾಟವನ್ನು ಮಾಡೋಣ ಎಂಬುದು ಸ್ಟಾರ್ ಅವರ ಸಲಹೆಯಾಗಿತ್ತು. ಪಂಜರದೊಳಗೆ ಚೆಂಡು ಮೇಲೆ ಕೆಳಗೆ ಆಡುವ ಆ ಕವಾಟ 1960ರಲ್ಲಿ ದ್ವಿದಳ ಕವಾಟದ ಸ್ಥಾನದಲ್ಲಿ ಯಶಸ್ವಿಯಾಗಿ ನೆಲೆಗೊಂಡಿತು. ಅದರ ಆರಂಭದ ರೋಗಿಗಳಲ್ಲಿ ಒಬ್ಬರು ಹತ್ತು ವರ್ಷ ಬದುಕಿ, ಕೊನೆಗೆ ಮನೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ತೀರಿಕೊಂಡರು. ಕವಾಟ ಅವರಿಗಿಂತ ಗಟ್ಟಿಯಾಗಿತ್ತು.

ತಿರುವನಂತಪುರದ ಪ್ರಯೋಗ

ಭಾರತದ ಮಟ್ಟಿಗೆ ಈ ಕಥೆಯ ಕೇಂದ್ರ ತಿರುವನಂತಪುರ. ತಿರುವಾಂಕೂರಿನ ಕೊನೆಯ ಅರಸರ ಹೆಸರನ್ನು ಹೊತ್ತ ಆಸ್ಪತ್ರೆಯ ಕಟ್ಟಡವನ್ನು ರಾಜಮನೆತನವು 1973ರಲ್ಲಿ ಕೇರಳ ಸರ್ಕಾರಕ್ಕೆ ಒಪ್ಪಿಸಿತು. 1976ರಲ್ಲಿ ಅಲ್ಲಿ ಚಿಕಿತ್ಸೆ ಆರಂಭವಾಯಿತು. ಅದರ ನೇತೃತ್ವ ವಹಿಸಿದ ಡಾ. ಎಂ. ಎಸ್. ವಲಿಯತ್ತಾನ್ ಅವರು ಲಿವರ್‌ಪೂಲ್‌ನಲ್ಲೂ ಅಮೆರಿಕದಲ್ಲೂ ತರಬೇತಿ ಪಡೆದು ಬಂದವರು. ಅಮೆರಿಕದಲ್ಲಿ ಅವರು ಚಾರ್ಲ್ಸ್ ಹಫ್‌ನಗೆಲ್ ಅವರೊಡನೆ ಕೆಲಸ ಮಾಡಿದ್ದರು. 1952ರಲ್ಲಿ ಮನುಷ್ಯನ ಮಹಾಧಮನಿಯಲ್ಲಿ ಮೊಟ್ಟಮೊದಲ ಕೃತಕ ಕವಾಟವನ್ನು ಇಟ್ಟವರು ಈ ಹಫ್‌ನಗೆಲ್. ಕವಾಟವನ್ನು ಕೊಂಡು ತಂದು ಹೊಲಿಯುವುದಷ್ಟೇ ತಮ್ಮ ಕೆಲಸವೆಂದು ಭಾವಿಸದ ಗುರುಪರಂಪರೆಯೊಂದು ಹೀಗೆ ತಿರುವನಂತಪುರವನ್ನು ತಲುಪಿತು.

ವಲಿಯತ್ತಾನ್ ಅವರ ನಿಜವಾದ ಹೊಸತನವಿದ್ದುದು ಸಂಸ್ಥೆಯ ರಚನೆಯಲ್ಲಿ. ಆಸ್ಪತ್ರೆಯೊಂದು ಕಡೆ, ಊರಿನ ಇನ್ನೊಂದು ಬದಿಯಲ್ಲಿ, ಪೂಜಪ್ಪುರದ ಸ್ಯಾಟಲ್‌ಮಂಡ್ ಅರಮನೆಯಲ್ಲಿ, ಜೈವಿಕ ವೈದ್ಯಕೀಯ ತಂತ್ರಜ್ಞಾನದ ವಿಭಾಗ. ತಿರುವಾಂಕೂರಿನ ರಾಣಿಯೊಬ್ಬರ ನಿವಾಸವಾಗಿದ್ದ ಆ ಅರಮನೆಗೆ ಪ್ರಯೋಗಾಲಯಗಳು ಬಂದವು. ಎರಡೂ ಒಂದೇ ಆಡಳಿತದ ಕೆಳಗಿದ್ದವು. ಆಸ್ಪತ್ರೆ ಆರೋಗ್ಯ ಇಲಾಖೆಗೆ, ಸಂಶೋಧನೆ ವಿಶ್ವವಿದ್ಯಾಲಯಕ್ಕೆ, ತಯಾರಿಕೆ ಕೈಗಾರಿಕೆಗೆ ಎಂದು ಹಂಚಿಹೋಗಿದ್ದ ಕಾಲದಲ್ಲಿ ಇದು ಅಪರೂಪ. 1980ರಲ್ಲಿ ಸಂಸತ್ತು ಕಾಯ್ದೆಯೊಂದರ ಮೂಲಕ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿ, ಆರೋಗ್ಯ ಮಂತ್ರಾಲಯಕ್ಕೆ ಬದಲಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸೇರಿಸಿದ್ದು ಈ ಕಾರಣದಿಂದಲೇ.

ಕವಾಟದ ಯಂತ್ರವಿನ್ಯಾಸದ ಹೊಣೆ ಹೊತ್ತವರು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಮತ್ತು ಅವರ ಸಂಗಡಿಗರು. ಅವರು ಆರಿಸಿಕೊಂಡದ್ದು ವಾಲುಬಿಲ್ಲೆಯ ಮಾದರಿ: ಲೋಹದ ಬಳೆಯೊಂದರೊಳಗೆ ತೆಳುವಾದ ದುಂಡು ಬಿಲ್ಲೆ, ಅದು ಜಾರದಂತೆ ಹಿಡಿಯುವ ಎರಡು ಕೊಂಡಿಗಳು, ಹೃದಯಕ್ಕೆ ಹೊಲಿಯಲು ಸುತ್ತ ಪಾಲಿಯೆಸ್ಟರ್ ಬಟ್ಟೆಯ ಅಂಚು. ರಕ್ತ ನುಗ್ಗಿದಾಗ ಬಿಲ್ಲೆ ವಾಲಿ ದಾರಿ ಕೊಡುತ್ತದೆ. ಹಿಂದಕ್ಕೆ ಹರಿಯಲು ಬಂದಾಗ ಮುಚ್ಚಿಕೊಳ್ಳುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಹನ್ನೆರಡು ವರ್ಷಕ್ಕೂ ಮಿಗಿಲಾಗಿ ಹಿಡಿಯಿತು.

ಮೊದಲ ಮಾದರಿಯಲ್ಲಿ ಕೊಂಡಿಯನ್ನು ಬಳೆಗೆ ಬೆಸೆಯಲಾಗಿತ್ತು. ಪರೀಕ್ಷೆಯಲ್ಲಿ ಅದು ಮುರಿದದ್ದು ಬೆಸುಗೆಯ ಜಾಗದಲ್ಲೇ. ಬೆಸುಗೆಯ ತಾಪದಿಂದ ಸುತ್ತಲಿನ ಲೋಹ ಪೆಡಸಾಗಿತ್ತು. ಪೆಡಸಾದ ಲೋಹ ಕೋಟಿಗಟ್ಟಲೆ ಬಡಿತಗಳನ್ನು ತಾಳಲಾರದು. ಬೆಸುಗೆಯೇ ಬೇಡವೆಂದು, ಎರಡನೆಯ ಮಾದರಿಯಲ್ಲಿ ಟೈಟೇನಿಯಂ ಗಟ್ಟಿಯೊಂದನ್ನು ಕಡೆದು ಬಳೆ ಮತ್ತು ಕೊಂಡಿಗಳನ್ನು ಏಕಖಂಡವಾಗಿ ತೆಗೆದರು. ಬಿಲ್ಲೆಗೆ ಕೃತಕ ನೀಲಮಣಿಯ ಏಕಸ್ಫಟಿಕವನ್ನು ಬಳಸಿದರು. ಆ ಹೊತ್ತಿಗೆ ಹೊರದೇಶಗಳಲ್ಲಿ ಬಿಲ್ಲೆಗಳನ್ನು ಪೈರೊಲಿಟಿಕ್ ಇಂಗಾಲದಿಂದ ಮಾಡುತ್ತಿದ್ದರು. ಪರಮಾಣು ಇಂಧನದ ಕಣಗಳಿಗೆ ಲೇಪಿಸಲೆಂದು ಹುಟ್ಟಿದ್ದ ಆ ತಂತ್ರ ಇಲ್ಲಿ ಕೈಗೆಟುಕುವಂತಿರಲಿಲ್ಲ. ನೀಲಮಣಿ ಅತಿ ಗಡಸು. ರಕ್ತದೊಡನೆ ಯಾವ ಕ್ರಿಯೆಯನ್ನೂ ನಡೆಸದು. ಆದರೆ ಗಡಸಾದ ನೀಲಮಣಿ ತನ್ನ ಜೊತೆಗಾರ ಟೈಟೇನಿಯಮ್ಮನ್ನು ಉಜ್ಜಿ ಸವೆಸಿತು. ಮೂರನೆಯ ಸಲ, ಸವೆತಕ್ಕೆ ಬಗ್ಗದ ಕೋಬಾಲ್ಟ್ ಆಧಾರಿತ ಹೇನ್ಸ್-25 ಮಿಶ್ರಲೋಹವನ್ನು ಬಳೆಗೆ ಆರಿಸಿಕೊಂಡರು. ಯಂತ್ರದ ಮೇಲಿನ ಪರೀಕ್ಷೆಗಳಲ್ಲಿ ಈ ಮಾದರಿ ಗೆದ್ದಿತು. ಕುರಿಗಳಲ್ಲಿ ಇಟ್ಟು ನೋಡುವ ಹಂತಕ್ಕೂ ಬಂದಿತು. ಅಲ್ಲಿ ನೀಲಮಣಿಯ ಬಿಲ್ಲೆಯೇ ಒಡೆಯಿತು.

ಮೂರು ಸೋಲುಗಳನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಪ್ರತಿಯೊಂದು ಸೋಲೂ ಬೇರೆ ಬೇರೆ ಬಗೆಯದು. ಮೊದಲನೆಯದು ಬೆಸುಗೆಯ ದೋಷ, ಎರಡನೆಯದು ಎರಡು ವಸ್ತುಗಳ ಒಡನಾಟದ ದೋಷ, ಮೂರನೆಯದು ಗಡಸುತನದೊಡನೆ ಬರುವ ಭಿದುರತೆಯ ದೋಷ. ಇವುಗಳಲ್ಲಿ ಯಾವುದನ್ನೂ ವೈದ್ಯನೊಬ್ಬನೇ ಊಹಿಸಲಾರ; ಹಾಗೆಯೇ ಕುರಿಯ ಎದೆಯೊಳಗೆ ಏನಾಯಿತೆಂಬುದನ್ನು ಯಂತ್ರಶಾಲೆಯಲ್ಲಿ ಕುಳಿತವನು ತಾನಾಗಿ ತಿಳಿಯಲಾರ. ಸತ್ತ ಪ್ರಾಣಿಯಿಂದ ತೆಗೆದ ಒಡೆದ ಬಿಲ್ಲೆ ಒಂದೇ ಸಂಸ್ಥೆಯ ಮೇಜಿನಿಂದ ಮೇಜಿಗೆ ಹೋಗಬಹುದಾಗಿತ್ತು. ಅದು ಎರಡು ಇಲಾಖೆಗಳ ನಡುವಿನ ಪತ್ರವ್ಯವಹಾರವಾಗಿದ್ದಿದ್ದರೆ ನಾಲ್ಕನೆಯ ಮಾದರಿ ಬಹುಶಃ ಹುಟ್ಟುತ್ತಿರಲಿಲ್ಲ.

ನಾಲ್ಕನೆಯ ಮಾದರಿಯಲ್ಲಿ ತಂಡವು ಗಡಸಿನ ಹಾದಿಯನ್ನೇ ಬಿಟ್ಟು ಮೆದುವಿನ ಹಾದಿ ಹಿಡಿಯಿತು. ಬಳೆ ಅದೇ ಹೇನ್ಸ್-25. ಬಿಲ್ಲೆ ಮಾತ್ರ ಅತ್ಯುನ್ನತ ಅಣುತೂಕದ ಪಾಲಿಎಥಿಲೀನ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಈ ವಸ್ತು ಮನುಷ್ಯ ದೇಹವನ್ನು ಹೊಕ್ಕ ಬಗೆಯೂ ಕುತೂಹಲಕರ. ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಕೃತಕ ಸೊಂಟದ ಕೀಲಿನ ಬಟ್ಟಲನ್ನು ಟೆಫ್ಲಾನ್‌ನಿಂದ ಮಾಡಿದ್ದರು. ಕೆಲವೇ ವರ್ಷಗಳಲ್ಲಿ ಅದು ಸವೆದು, ನೂರಾರು ರೋಗಿಗಳಿಗೆ ಮರುಶಸ್ತ್ರಕ್ರಿಯೆ ಮಾಡಬೇಕಾಯಿತು. ಲ್ಯಾಂಕಾಶೈರಿನ ಮಗ್ಗಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಹೊಸ ಪ್ಲಾಸ್ಟಿಕ್ಕಿನ ತುಂಡನ್ನು 1962ರಲ್ಲಿ ಮಾರಾಟಗಾರನೊಬ್ಬ ಅವರ ಪ್ರಯೋಗಾಲಯಕ್ಕೆ ತಂದಾಗ ಚಾರ್ನ್ಲಿ ಅದನ್ನು ಲೆಕ್ಕಿಸಲಿಲ್ಲ. ಅವರ ಯಂತ್ರಕುಶಲಿ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತದ ಯಂತ್ರಕ್ಕೆ ಹಾಕಿ ಓಡಿಸಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುತ್ತಿದ್ದಷ್ಟು ಈ ವಸ್ತು ಮೂರು ವಾರ ಓಡಿದರೂ ಸವೆದಿರಲಿಲ್ಲ. ರೋಗಿಗಳಲ್ಲಿ ಬಳಸುವ ಮೊದಲು ಚಾರ್ನ್ಲಿ ಅದರ ಚೂರುಗಳನ್ನು ತಮ್ಮ ತೊಡೆಯಲ್ಲೇ ಇಡಿಸಿಕೊಂಡು ಪರೀಕ್ಷಿಸಿದರು. ಮಗ್ಗದ ಚಕ್ರದಿಂದ ಸೊಂಟದ ಕೀಲಿಗೆ ಬಂದ ಈ ಜಾತಿಯ ಪ್ಲಾಸ್ಟಿಕ್, ಎರಡು ದಶಕಗಳ ಮೇಲೆ ತಿರುವನಂತಪುರದಲ್ಲಿ ಹೃದಯದ ಬಾಗಿಲಾಯಿತು. ಅದರಿಂದ ಇನ್ನೊಂದು ಅನುಕೂಲವೂ ಒದಗಿತು: ಗಟ್ಟಿ ಬಿಲ್ಲೆಗಳ ಕವಾಟ ಎದೆಯೊಳಗೆ ಟಕ್ ಟಕ್ ಎಂದು ಸದ್ದು ಮಾಡಿ ರೋಗಿಯ ನಿದ್ದೆಗೆಡಿಸುವುದುಂಟು, ಪ್ಲಾಸ್ಟಿಕ್ ಬಿಲ್ಲೆಯದು ಮೆಲುಸದ್ದು.

ದೀರ್ಘ ಬಾಳಿಕೆಯನ್ನು ಪರೀಕ್ಷಿಸಲು ವರ್ಷಗಟ್ಟಲೆ ಕಾಯುವಂತಿಲ್ಲ. ಕವಾಟವನ್ನು ದ್ರವದಲ್ಲಿ ಮುಳುಗಿಸಿ, ಸಹಜ ವೇಗದ ಹಲವು ಪಟ್ಟು ಬಡಿಸುವ ಯಂತ್ರಗಳು ಇದಕ್ಕೆ ಬೇಕು. ನಿಮಿಷಕ್ಕೆ 900 ಸಲ ಬಡಿಸಿದರೆ ಒಂದು ವರ್ಷದ ದುಡಿಮೆ ಸುಮಾರು 29 ದಿನಗಳಲ್ಲಿ ಮುಗಿಯುತ್ತದೆ. ಹತ್ತು ವರ್ಷದ್ದಕ್ಕೆ ಹಗಲಿರುಳೂ ಹತ್ತು ತಿಂಗಳು ಓಡಬೇಕು. ಇಂಥ ಪರೀಕ್ಷೆಗಳ, ಪ್ರಾಣಿಪ್ರಯೋಗಗಳ ಹಾಗೂ ನೈತಿಕ ಸಮಿತಿಯ ಒಪ್ಪಿಗೆಯ ನಂತರ, 1990ರ ಡಿಸೆಂಬರ್‌ನಲ್ಲಿ ಚಿತ್ರಾ ಕವಾಟವು ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಸೇರಿತು. 1995ರ ವರೆಗೆ ದೇಶದ ಆರು ಕೇಂದ್ರಗಳಲ್ಲಿ 300ಕ್ಕೂ ಹೆಚ್ಚು ರೋಗಿಗಳಲ್ಲಿ ಅದನ್ನು ಇಟ್ಟು, ಅವರನ್ನು ಹಿಂಬಾಲಿಸಿ ನೋಡಲಾಯಿತು. ಟಿಟಿಕೆ ಸಮೂಹವು ಅದನ್ನು ವಾಣಿಜ್ಯ ಮಟ್ಟದಲ್ಲಿ ತಯಾರಿಸತೊಡಗಿತು. ಬೆಲೆ ಆಮದು ಕವಾಟಕ್ಕಿಂತ ಬಹಳ ಕಡಿಮೆಯಿತ್ತು. ಈವರೆಗೆ ಒಂದು ಲಕ್ಷಕ್ಕೂ ಮೀರಿ ಚಿತ್ರಾ ಕವಾಟಗಳು ಬಳಕೆಯಾಗಿವೆ.

ತಿರುವನಂತಪುರದ ಮೊದಲ ಸೋಲನ್ನು ಅದೇ ಕಾಲದ ಇನ್ನೊಂದು ಕವಾಟದ ಪಕ್ಕದಲ್ಲಿಟ್ಟು ನೋಡಬೇಕು. ಸ್ವೀಡನ್ನಿನ ಶಸ್ತ್ರವೈದ್ಯ ವೈಕಿಂಗ್ ಬ್ಯೋರ್ಕ್ ಮತ್ತು ಅಮೆರಿಕದ ಎಂಜಿನಿಯರ್ ಡೊನಾಲ್ಡ್ ಶೈಲಿ ಅವರ ಹೆಸರಿನ ವಾಲುಬಿಲ್ಲೆ ಕವಾಟ ವಿಶ್ವಪ್ರಸಿದ್ಧವಾಗಿತ್ತು. ಅದರ ಸುಧಾರಿತ ರೂಪವೊಂದು 1979ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಒಂದು ಕೊಂಡಿಯನ್ನು ಬಳೆಗೆ ಬೆಸೆಯಲಾಗಿತ್ತು. 1986ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಸುಮಾರು 86,000 ಜನರ ಎದೆಯಲ್ಲಿ ಅದು ಸೇರಿಹೋಗಿತ್ತು. ಮುಂದಿನ ವರ್ಷಗಳಲ್ಲಿ ನೂರಾರು ಜನರಲ್ಲಿ ಆ ಕೊಂಡಿ ಬೆಸುಗೆಯ ಬಳಿ ಮುರಿದು ಬಿಲ್ಲೆ ಕಳಚಿತು. ಅವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಪೆಟ್ಟಿಗೆ ಒಡ್ಡಿಕೊಂಡ ಬೆಸುಗೆಯ ಅಪಾಯ ಒಂದೆಡೆ ಪ್ರಯೋಗಾಲಯದಲ್ಲೇ ಬಯಲಾಯಿತು, ಇನ್ನೊಂದೆಡೆ ರೋಗಿಗಳಲ್ಲಿ. ಬಡ ದೇಶದ ಸಂಶೋಧನೆ ತಡವಾಗುತ್ತದೆ ಎಂಬ ಆಕ್ಷೇಪಣೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ತೂಗಿ ನೋಡುವುದು ಉಚಿತ. ತಮ್ಮ ಸೋಲುಗಳನ್ನು ಬಚ್ಚಿಡದೆ ವೈಜ್ಞಾನಿಕ ಪ್ರಬಂಧಗಳಲ್ಲಿ ದಾಖಲಿಸಿದ್ದೂ ಆ ತಂಡದ ಹಿರಿಮೆಯೇ ಸರಿ.

ವಲಿಯತ್ತಾನ್ ಅವರು 1993ರಲ್ಲಿ ತಿರುವನಂತಪುರವನ್ನು ಬಿಟ್ಟು ಕರ್ನಾಟಕಕ್ಕೆ ಬಂದರು. ಆ ವರ್ಷವಷ್ಟೇ ಸ್ವಾಯತ್ತ ವಿಶ್ವವಿದ್ಯಾಲಯದ ಮಾನ್ಯತೆ ಪಡೆದಿದ್ದ ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಗೆ ಅವರು ಮೊದಲ ಕುಲಪತಿ. 1999ರ ವರೆಗೆ ಆ ಸ್ಥಾನದಲ್ಲಿದ್ದರು. 1953ರ ವೈದ್ಯಕೀಯ ಕಾಲೇಜೂ 1957ರ ಎಂಜಿನಿಯರಿಂಗ್ ಕಾಲೇಜೂ ಒಂದೇ ಗುಡ್ಡದ ಮೇಲಿರುವ ಊರು ಅದು. ಮುಂದೆ ಚರಕ, ಸುಶ್ರುತ, ವಾಗ್ಭಟರ ಅಧ್ಯಯನದಲ್ಲಿ ತೊಡಗಿಕೊಂಡ ಅವರು ಮಣಿಪಾಲದಲ್ಲೇ ನೆಲೆಸಿ, 2024ರ ಜುಲೈನಲ್ಲಿ ಅಲ್ಲಿಯೇ ನಿಧನರಾದರು.

ಕವಾಟದ ನಂತರದ ದೂರ

ಯಾಂತ್ರಿಕ ಕವಾಟವು ರೋಗವೊಂದನ್ನು ಕಳೆದು, ಕಟ್ಟುಪಾಡೊಂದನ್ನು ಹೊರಿಸುತ್ತದೆ. ಪರವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟಬಯಸುತ್ತದೆ. ಹೆಪ್ಪು ಬಿಲ್ಲೆಯನ್ನು ಹಿಡಿದು ನಿಲ್ಲಿಸಬಹುದು, ಇಲ್ಲವೇ ಮಿದುಳಿಗೆ ಹರಿದು ಪಾರ್ಶ್ವವಾಯು ತರಬಹುದು. ಅದಕ್ಕಾಗಿ ರೋಗಿ ಬಾಳಿನುದ್ದಕ್ಕೂ ಹೆಪ್ಪುನಿರೋಧಕ ಮಾತ್ರೆ ನುಂಗಬೇಕು. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಊಟದ ಸೊಪ್ಪು, ಬೇರೆ ಕಾಯಿಲೆಗೆ ತೆಗೆದುಕೊಂಡ ಔಷಧ, ಗರ್ಭಧಾರಣೆ ಎಲ್ಲವೂ ಈ ಸಮತೋಲವನ್ನು ಕದಲಿಸುತ್ತವೆ. ಆದ್ದರಿಂದ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಆಗಾಗ ಅಳೆದು ಮಾತ್ರೆಯ ಪ್ರಮಾಣವನ್ನು ತಿದ್ದುತ್ತಿರಬೇಕು. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರದಕ್ಕೆ ಹೊಂದುತ್ತಿರಲಿಲ್ಲ, ಏಕೆಂದರೆ ಪರೀಕ್ಷೆಯ ದ್ರಾವಕಗಳೇ ಬೇರೆ ಬೇರೆ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಐಎನ್‌ಆರ್ ಎಂಬ ಸಮಾನ ಮಾನವನ್ನು ಅಂಗೀಕರಿಸಿದ ಮೇಲೆ, ತಾಲ್ಲೂಕಿನ ಆಸ್ಪತ್ರೆ ಹೇಳಿದ ಸಂಖ್ಯೆಯನ್ನು ರಾಜಧಾನಿಯ ತಜ್ಞ ಅರ್ಥಮಾಡಿಕೊಳ್ಳುವಂತಾಯಿತು. ಜಾಲ ಬರುವ ಮುನ್ನ ಭಾಷೆ ಒಂದಾಗಬೇಕೆಂಬ ಮಾತಿಗೆ ಇದು ನಿದರ್ಶನ. ಅದೇ ವರ್ಷ ಅಮೆರಿಕದ ವಿಕಿರಣವೈದ್ಯರ ಕಾಲೇಜು ಮತ್ತು ವಿದ್ಯುತ್ ಉಪಕರಣ ತಯಾರಕರ ಸಂಘಗಳು ಜಂಟಿ ಸಮಿತಿ ರಚಿಸಿಕೊಂಡವು. ಒಂದು ಕಂಪನಿಯ ಯಂತ್ರ ತೆಗೆದ ಚಿತ್ರವನ್ನು ಇನ್ನೊಂದರ ಗಣಕ ಓದಬೇಕೆಂಬುದು ಅದರ ಗುರಿ. ಮುಂದೆ ಜಗತ್ತಿನಾದ್ಯಂತ ಬಳಕೆಗೆ ಬಂದ ಡೈಕಾಮ್ ಮಾನಕದ ಮೂಲ ಅಲ್ಲಿದೆ.

ಹೃದಯದ ಸುದ್ದಿಯನ್ನು ತಂತಿಯ ಮೇಲೆ ಕಳಿಸುವ ಯತ್ನ ಗಣಕಗಳಿಗಿಂತ ಬಹಳ ಹಳೆಯದು. ಹಾಲೆಂಡಿನ ಲೈಡನ್ನಿನಲ್ಲಿ ವಿಲೆಮ್ ಐಂಟ್‌ಹೋವನ್ ರೂಪಿಸಿದ ಹೃದ್ವಿದ್ಯುತ್ ಲೇಖಿ ಸುಮಾರು 270 ಕಿಲೋ ತೂಗುತ್ತಿತ್ತು, ಅದನ್ನು ನಡೆಸಲು ಐದು ಜನ ಬೇಕಾಗಿತ್ತು. ಅದನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ, ನರಳುವ ರೋಗಿಯನ್ನು ಪ್ರಯೋಗಾಲಯಕ್ಕೆ ತರುವಂತಿಲ್ಲ. 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ದೂರವಾಣಿಯ ತಂತಿಯ ಮೂಲಕ ರೋಗಿಯ ಹೃದಯದ ವಿದ್ಯುತ್ತನ್ನೇ ತರಿಸಿಕೊಂಡು ದಾಖಲಿಸಿದರು. ದೂರವೈದ್ಯದ ಇತಿಹಾಸವನ್ನು ಉಪಗ್ರಹಗಳಿಂದ ಆರಂಭಿಸುವವರು ಈ ತಂತಿಯನ್ನು ಮರೆಯುತ್ತಾರೆ.

ಭಾರತದಲ್ಲಿ ಉಪಗ್ರಹದ ಹಾದಿ ಮೊದಲು ತೆರೆದದ್ದು ಶಿಕ್ಷಣಕ್ಕಾಗಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ, ಅಮೆರಿಕದಿಂದ ಎರವಲು ಬಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳು ದೂರದರ್ಶನ ಕಂಡವು. ಆಗಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಗ್ರಾಹಕ ಬಟ್ಟಲುಗಳು ಶಾಲೆಗಳ ಬಳಿ ನಿಂತವು. ಆರೋಗ್ಯದ ಪಾಠವೂ ಕಾರ್ಯಕ್ರಮಗಳಲ್ಲಿತ್ತು. ಆದರೆ ಮಾತು ಒಂದೇ ದಿಕ್ಕಿನದು. ಹಳ್ಳಿ ನೋಡಬಹುದಾಗಿತ್ತು, ಕೇಳುವಂತಿರಲಿಲ್ಲ.

ಎರಡೂ ದಿಕ್ಕಿನ ಮಾತಿಗೆ ಬೇಕಾದ ಗಣಕ ಜಾಲ ವಿದ್ಯೆ ಬೆಳೆದದ್ದು ಇನ್ನೊಂದು ಬಳಗದಲ್ಲಿ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಎರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನ ಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ಸ್ವತಃ ಇಲಾಖೆ ಅದರ ಮೊದಲ ಸದಸ್ಯರು. ದೇಶದಲ್ಲಿ ಅಂತರಜಾಲದ ನಿಯಮಾವಳಿಗಳನ್ನು ಅರಿತ ಮೊದಲ ಪೀಳಿಗೆ ಇಲ್ಲಿ ತಯಾರಾಯಿತು. ಆದರೆ ಆ ಪಟ್ಟಿಯಲ್ಲಿ ಒಂದು ವೈದ್ಯಕೀಯ ಕಾಲೇಜೂ ಇರಲಿಲ್ಲ. ತಿರುವನಂತಪುರದಲ್ಲಿ ಯಂತ್ರಶಾಸ್ತ್ರಜ್ಞನೂ ವೈದ್ಯನೂ ಒಂದೇ ಸಂಸ್ಥೆಯಲ್ಲಿದ್ದ ಕಾಲದಲ್ಲೇ, ಜಾಲಶಾಸ್ತ್ರಜ್ಞನು ವೈದ್ಯನಿಂದ ಬೇರೆಯಾಗಿ ಬೆಳೆದನು. ವೈದ್ಯಕೀಯ ಸಂಸ್ಥೆಗಳೂ ದೊಡ್ಡ ಪ್ರಮಾಣದಲ್ಲಿ ಸಂಶೋಧನ ಜಾಲದೊಳಕ್ಕೆ ಬಂದದ್ದು 2010ರಲ್ಲಿ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ದೊರೆತ ಮೇಲೆ.

ನಡುವಿನ ಅಂತರವನ್ನು ತುಂಬಿದ್ದು ಇಸ್ರೊ. 2001ರಲ್ಲಿ ಅದು ಇನ್ಸಾಟ್ ಉಪಗ್ರಹಗಳ ಮೂಲಕ ದೂರವೈದ್ಯದ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. 2002ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೊಡನೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೊಡನೆ ಜೋಡಿಸಲಾಯಿತು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಸರಗೂರಿನ ಆಸ್ಪತ್ರೆ ಕಾಡಂಚಿನ ಜೇನುಕುರುಬ, ಕಾಡುಕುರುಬ ಹಾಡಿಗಳ ಜನಕ್ಕೆ ಹತ್ತಿರದ ದೊಡ್ಡ ಆಸರೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಏರಿ ಇಳಿಯಲು ಕಾಲು ಸೆಕೆಂಡು, ಪ್ರಶ್ನೆಗೆ ಉತ್ತರ ಮರಳಲು ಅರ್ಧ ಸೆಕೆಂಡು. ಸಂಭಾಷಣೆಯಲ್ಲಿ ಇದು ತೊಡಕಾಗಿ ಕಂಡರೂ, ಹೃದಯಾಘಾತದ ರೋಗಿಯ ಇಸಿಜಿ ತಜ್ಞನ ಕಣ್ಣಿಗೆ ಬೀಳಲು ಇದರಿಂದ ಅಡ್ಡಿಯಿಲ್ಲ. ಚಾಮರಾಜನಗರದಿಂದ ಬೆಂಗಳೂರಿಗೆ ರಸ್ತೆಯ ದೂರ ಸುಮಾರು 180 ಕಿಲೋಮೀಟರ್. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೊದಲ ಕೆಲವು ಗಂಟೆಗಳಲ್ಲೇ ಕೊಡಬೇಕಾದ ರೋಗಿಗೆ ಆ ಪ್ರಯಾಣದ ಹೊತ್ತು ಸಾವು ಬದುಕಿನ ಪ್ರಶ್ನೆ. ಜಾಲವು ಅವನನ್ನು ಸಾಗಿಸದೆ, ನಿರ್ಧಾರವನ್ನು ಅವನಿದ್ದಲ್ಲಿಗೆ ತಂದಿತು.

ಮುಂದಿನ ಎರಡು ದಶಕಗಳಲ್ಲಿ ಉಪಗ್ರಹದ ಜಾಗಕ್ಕೆ ಬಹುಮಟ್ಟಿಗೆ ಗಾಜಿನೆಳೆಯ ತಂತಿ ಮತ್ತು ಮೊಬೈಲ್ ಫೋನು ಬಂದವು. 2019ರಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿ ಆರಂಭವಾಯಿತು. 2020ರ ಮಾರ್ಚ್‌ನಲ್ಲಿ, ಕೋವಿಡ್ ದಿಗ್ಬಂಧನದ ಮೊದಲ ದಿನಗಳಲ್ಲೇ, ದೂರವೈದ್ಯದ ಮಾರ್ಗಸೂಚಿ ಪ್ರಕಟವಾಗಿ, ದೂರದಿಂದ ಔಷಧ ಬರೆದುಕೊಡುವುದಕ್ಕೆ ಸ್ಪಷ್ಟ ನಿಯಮಗಳು ದೊರೆತವು. ಈ ಬೆಳವಣಿಗೆಯನ್ನು ಬರೆಯುವವರು ಸಾಮಾನ್ಯವಾಗಿ ಕೇಂದ್ರಗಳನ್ನೂ ಸಮಾಲೋಚನೆಗಳನ್ನೂ ಎಣಿಸುತ್ತಾರೆ. ಕವಾಟ ಹೊತ್ತ ರೋಗಿಯ ಕಡೆಯಿಂದ ನೋಡಿದರೆ ಎಣಿಕೆ ಬೇರೆಯಾಗುತ್ತದೆ.

ಇಸಿಜಿಯನ್ನು, ಎದೆಯ ಚಿತ್ರವನ್ನು, ವೈದ್ಯನ ಮುಖವನ್ನು ಜಾಲ ಸಾಗಿಸುತ್ತದೆ. ರಕ್ತದ ಹನಿಯನ್ನು ಸಾಗಿಸಲಾರದು. ದ್ವಿದಳ ಕವಾಟದ ಜಾಗದಲ್ಲಿ ಯಾಂತ್ರಿಕ ಕವಾಟ ಹೊತ್ತ ರೋಗಿಯ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಎರಡೇ ಅಂಕಿಗಳ ಆ ಸಂದೇಶಕ್ಕೆ ಉಪಗ್ರಹವೂ ಬೇಡ, ಗಾಜಿನೆಳೆಯೂ ಬೇಡ. ಹಳೆಯ ಫೋನಿನ ಒಂದು ಕಿರುಸಂದೇಶ ಸಾಕು. ಆದರೆ ಆ ಎರಡು ಅಂಕಿಗಳು ಹುಟ್ಟಬೇಕಾದರೆ ತಾಲ್ಲೂಕಿನ ಪ್ರಯೋಗಾಲಯದಲ್ಲಿ ಹೊಸ ದ್ರಾವಕ, ಅದನ್ನು ತಣ್ಣಗಿಡುವ ಪೆಟ್ಟಿಗೆ, ತಪ್ಪದ ವಿದ್ಯುತ್ತು ಮತ್ತು ತರಬೇತಾದ ತಂತ್ರಜ್ಞ ಇರಬೇಕು, ಇಲ್ಲವೇ ಬೆರಳ ತುದಿಯ ಹನಿಯಿಂದಲೇ ಅಳೆಯುವ ಕೈಯಗಲದ ಉಪಕರಣವೂ ಅದರ ಪಟ್ಟಿಗಳೂ ಕೈಗೆಟುಕುವ ಬೆಲೆಗೆ ಸಿಗಬೇಕು. ಅವಿಲ್ಲದ ಕಡೆ, ಸದ್ದಿಲ್ಲದ ಕವಾಟವನ್ನು ಎದೆಯಲ್ಲಿಟ್ಟುಕೊಂಡ ಮಹಿಳೆ ಒಂದು ದಿನದ ಕೂಲಿ ಬಿಟ್ಟು ಮೈಸೂರಿನ ಬಸ್ಸು ಹತ್ತುತ್ತಾಳೆ. ಹತ್ತಲಾಗದ ತಿಂಗಳು ಹಳೆಯ ಚೀಟಿಯಲ್ಲಿದ್ದಷ್ಟೇ ಮಾತ್ರೆ ನುಂಗುತ್ತಾಳೆ.